ಗದ್ದ ಹಿಂದಿದ್ರೆ ಹಗಲೆಲ್ಲಾ ಸುಸ್ತಾಗುತ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 34 ವರ್ಷ, ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡಲ್ಲಿ ಕೆಲಸ. ಎರಡು ವರ್ಷದಿಂದ ಎಷ್ಟು ಮಲಗಿದ್ರೂ ಸುಸ್ತು ಹೋಗ್ತಿಲ್ಲ, ಬೆಳಿಗ್ಗೆ ಎದ್ರೆ ತಲೆನೋವು, ಬಾಯಿ ಒಣಗಿರುತ್ತೆ, ಮೆಟ್ರೋದಲ್ಲಿ ಸೀಟ್ ಸಿಕ್ರೆ ಮೆಜೆಸ್ಟಿಕ್ ಬರೋದ್ರೊಳಗೆ ನಿದ್ದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಎಲ್ಲಾ ನಾರ್ಮಲ್. ತೆಳ್ಳಗಿದೀನಿ, ಗೊರಕೆನೂ ಜೋರಿಲ್ಲ ಅಂತಾರೆ ನಮ್ಮನೆಯವ್ರು. ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಅಂತ ಕಳಿಸ್ಬಿಟ್ರು. ಮೊನ್ನೆ ಹಲ್ಲಿನ ಡಾಕ್ಟ್ರು ನಿಮ್ಮ ಕೆಳದವಡೆ ಹಿಂದಿದೆ, ಒಂದ್ಸಲ ಸ್ಲೀಪ್ ಟೆಸ್ಟ್ ಮಾಡ್ಸಿ ಅಂದ್ರು. ಚಿಕ್ಕವಳಿದ್ದಾಗ ನಾಲ್ಕು ಹಲ್ಲು ಕೀಳ್ಸಿ ಕ್ಲಿಪ್ ಹಾಕ್ಸಿದ್ರು, ಅದಕ್ಕೇ ಹೀಗಾಯ್ತಾ? ನಾಲಿಗೆನ ಅಂಗುಳಕ್ಕೆ ಒತ್ತಿ ಇಟ್ಕೊಂಡ್ರೆ ದವಡೆ ಸರಿಹೋಗುತ್ತೆ ಅಂತ ರೀಲ್ಸಲ್ಲಿ ಹೇಳ್ತಾರೆ, ನಿಜಾನಾ?
– ಹೆಸರು ಬೇಡ, ವಿಜಯನಗರ

ಉತ್ತರ: ನಿಮ್ಮ ಹಲ್ಲಿನ ಡಾಕ್ಟ್ರು ಸರಿಯಾಗೇ ಹೇಳಿದಾರೆ ಮೇಡಂ, ಆ ಟೆಸ್ಟ್ ಮುಂದಕ್ಕೆ ಹಾಕ್ಬೇಡಿ. ನಿದ್ದೇಲಿ ಉಸಿರು ಮತ್ತೆ ಮತ್ತೆ ನಿಲ್ಲೋ ಸ್ಲೀಪ್ ಆಪ್ನಿಯಾ ಅಂದ್ರೆ ದಪ್ಪಗಿರೋ, ಜೋರಾಗಿ ಗೊರಕೆ ಹೊಡೆಯೋ ಗಂಡಸರ ಕಾಯಿಲೆ ಅಂತ ಎಲ್ಲರ ತಲೇಲೂ ಕೂತ್ಬಿಟ್ಟಿದೆ, ಆದ್ರೆ ಹೆಂಗಸರಲ್ಲಿ ಅದು ಎಷ್ಟೋ ಸಲ ಬರೀ ಸುಸ್ತು, ಸರಿಯಾಗಿ ನಿದ್ದೆ ಬರ್ದೇ ಇರೋದು, ಬೆಳಗಿನ ತಲೆನೋವು ಹೀಗೇ ಕಾಣಿಸ್ಕೊಳ್ಳುತ್ತೆ, ಅಂಥೋರನ್ನ ಟೆನ್ಷನ್ ಅಂತ ವಾಪಸ್ ಕಳಿಸೋದು ನೋಡಿದ್ರೆ ನಂಗೆ ತುಂಬಾ ಸಂಕಟ ಆಗುತ್ತೆ.

ದವಡೆಗೂ ಉಸಿರಿಗೂ ಏನು ಸಂಬಂಧ ಅಂದ್ರೆ, ನಾಲಿಗೆಯ ದೊಡ್ಡ ಸ್ನಾಯು ಅಂಟ್ಕೊಂಡಿರೋದೇ ಗದ್ದದ ಒಳಭಾಗದ ಮೂಳೆಗೆ. ದವಡೆ ಹಿಂದಿದ್ರೆ ನಾಲಿಗೆ ಬುಡಾನೂ ಗಂಟಲ ಕಡೆಗೆ ಸರಿದಿರುತ್ತೆ, ಮೇಲಿನ ಅಂಗುಳ ಕಿರಿದಾಗಿ ಎತ್ತರಕ್ಕಿದ್ರಂತೂ ಬಾಯೊಳಗೆ ಅದಕ್ಕೆ ಜಾಗಾನೇ ಸಾಲಲ್ಲ. ಎಚ್ಚರ ಇರೋವಾಗ ಸ್ನಾಯು ಬಿಗಿಯಾಗಿದ್ದು ದಾರಿ ತೆರೆದಿಟ್ಟಿರುತ್ತೆ, ನಿದ್ದೆ ಹತ್ತಿದ ಮೇಲೆ ಸಡಿಲ ಆಗುತ್ತೆ, ಅಂಗಾತ ಮಲಗಿದ್ರೆ ನಾಲಿಗೆ ಹಿಂದಕ್ಕೆ ಬೀಳುತ್ತೆ. ಆಪರೇಷನ್ ಥಿಯೇಟರಲ್ಲಿ ಅನಸ್ತೇಷಿಯಾ ಕೊಟ್ಟ ಮೇಲೆ ಪೇಷಂಟ್ ಉಸಿರು ಕಟ್ಟಿದ ಹಾಗಾದ್ರೆ ಡಾಕ್ಟ್ರು ಕಿವಿ ಕೆಳಗೆ ದವಡೆ ಮೂಲೆಗೆ ಎರಡೂ ಕಡೆ ಬೆರಳು ಕೊಟ್ಟು ಮುಂದಕ್ಕೆ ಎತ್ತುತ್ತಾರೆ, ನಾಲಿಗೆ ಮುಂದೆ ಬಂದು ದಾರಿ ಬಿಡುತ್ತೆ. ಏಷ್ಯಾದ ಜನರಿಗೆ ಕಮ್ಮಿ ತೂಕ ಇದ್ರೂ ಆಪ್ನಿಯಾ ಬರೋದಕ್ಕೆ ಮುಖದ ಮೂಳೆಗಳ ಈ ರಚನೆನೂ ಒಂದು ಕಾರಣ.

ಉಸಿರು ಕನಿಷ್ಠ 10 ಸೆಕೆಂಡ್ ನಿಂತ್ರೆ ಅದನ್ನ ಒಂದು ಆಪ್ನಿಯಾ ಅಂತ ಲೆಕ್ಕ ಹಾಕ್ತಾರೆ. ಪೂರ್ತಿ ನಿಂತಿದ್ದು, ಅರ್ಧಂಬರ್ಧ ಕಮ್ಮಿ ಆಗಿದ್ದು ಎರಡೂ ಸೇರಿ ಗಂಟೆಗೆ 5ರ ಒಳಗಿದ್ರೆ ದೊಡ್ಡೋರಲ್ಲಿ ನಾರ್ಮಲ್, 30 ದಾಟಿದ್ರೆ ತೀವ್ರ. ಆದ್ರೆ ನಿಮ್ಮ ವಿಷಯದಲ್ಲಿ ಇನ್ನೊಂದು ಮಾತು ಹೇಳ್ಲೇಬೇಕು. ಕೆಲವರಿಗೆ ಉಸಿರು ನಿಲ್ಲೋದೇ ಇಲ್ಲ, ಕಿರಿದಾದ ದಾರೀಲಿ ಕಷ್ಟಪಟ್ಟು ಎಳೀತಾ ಎಳೀತಾ ಮೆದುಳು ಮತ್ತೆ ಮತ್ತೆ ಅರೆ ಎಚ್ಚರ ಆಗುತ್ತೆ, ಬೆಳಿಗ್ಗೆ ಅದ್ಯಾವ್ದೂ ನೆನಪಿರಲ್ಲ, ಸುಸ್ತು ಮಾತ್ರ ಉಳ್ಕೊಳ್ಳುತ್ತೆ. 1993ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಲೆಮಿನೋ ಮತ್ತವರ ಜೊತೆಗಾರರು ಇದನ್ನ ಅಪ್ಪರ್ ಏರ್‌ವೇ ರೆಸಿಸ್ಟೆನ್ಸ್ ಸಿಂಡ್ರೋಮ್ ಅಂತ ಕರೆದ್ರು, ತೆಳ್ಳಗಿರೋ ಹೆಂಗಸರಲ್ಲೂ ಕಾಣುತ್ತೆ. ಮನೇಲಿ ಬೆರಳಿಗೆ ಕ್ಲಿಪ್ ಹಾಕಿ ಮಾಡೋ ಚಿಕ್ಕ ಟೆಸ್ಟಲ್ಲಿ ಮೆದುಳಿನ ಅಲೆ ರೆಕಾರ್ಡ್ ಆಗಲ್ಲ, ಹಾಗಾಗಿ ಇದು ತಪ್ಪಿಹೋಗಬಹುದು. ಅದಕ್ಕೇ ರಾತ್ರಿಯಿಡೀ ಲ್ಯಾಬಲ್ಲಿ ಮಲಗಿ ಮಾಡ್ಸೋ ಪಾಲಿಸೋಮ್ನೋಗ್ರಫಿನೇ ಕೇಳಿ, ನಿಮ್ಹಾನ್ಸ್‌ನಲ್ಲೂ ಸ್ಲೀಪ್ ಲ್ಯಾಬ್ ಇದೆ.

ಹಲ್ಲು ಕೀಳ್ಸಿದ್ರ ಬಗ್ಗೆ ನಿಮ್ಮಮ್ಮ ಅಪ್ಪನ್ನ ದೂರ್ಬೇಡಿ. ಅಮೆರಿಕದಲ್ಲಿ ಐದೂವರೆ ಸಾವಿರ ಜನರ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ಲಿಪ್ ಹಾಕೋವಾಗ ಕೀಳೋ ಆ ಹಲ್ಲು ಇಲ್ದೇ ಇರೋರಿಗೂ ಇರೋರಿಗೂ ಆಪ್ನಿಯಾದಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ನಾಲಿಗೆ ಒತ್ತೋದ್ರಿಂದ ದೊಡ್ಡೋರ ದವಡೆ ಮೂಳೆ ಬದಲಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಬಿಟ್ಬಿಡಿ.

ಟೆಸ್ಟಲ್ಲಿ ತೊಂದ್ರೆ ಕಂಡ್ರೆ ಚಿಕಿತ್ಸೆ ಇದೆ. ಮೂಗಿಗೆ ಗಾಳಿ ಒತ್ತಡ ಕೊಡೋ ಸಿಪ್ಯಾಪ್ ಮೆಷಿನ್ 1981ರಿಂದ ಇದೆ. ನಿಮ್ಮಂಥ ದವಡೆಗೆ ರಾತ್ರಿ ಹಾಕ್ಕೊಂಡು ಮಲಗೋ, ಕೆಳದವಡೆನ ಮುಂದೆ ಹಿಡಿದಿಡೋ ಪ್ಲೇಟ್ ಕೂಡ ಚೆನ್ನಾಗಿ ಕೆಲಸ ಮಾಡಬಹುದು, ಆದ್ರೆ ಆನ್‌ಲೈನಲ್ಲಿ ತರಿಸ್ಬೇಡಿ, ಹಲ್ಲಿನ ಡಾಕ್ಟ್ರ ಹತ್ರ ಅಳತೆ ಕೊಟ್ಟೇ ಮಾಡ್ಸಿ. ದವಡೆ ಆಪರೇಷನ್ ಆಮೇಲಿನ ಮಾತು, ಟೆಸ್ಟ್ ಮಾಡ್ದೇನೇ ಯಾರಾದ್ರೂ ಆಪರೇಷನ್ ಅಂದ್ರೆ ಎದ್ದು ಬನ್ನಿ.

ರಿಪೋರ್ಟ್ ನಾರ್ಮಲ್ ಬಂದ್ರೆ ದವಡೆ ವಿಷಯಾನೇ ಹಿಡ್ಕೊಂಡು ಕೂರ್ಬೇಡಿ. ಸ್ವಲ್ಪ ಜಾಸ್ತಿ ಕೆಲಸ ಮಾಡಿದ್ರೆ ಮಾರನೇ ದಿನ ಏಳೋಕೇ ಆಗದಷ್ಟು ಆಗುತ್ತಾ ಅಂತ ಗಮನಿಸಿ, ಹೌದಾದ್ರೆ ಅದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು, ಅದರ ದಾರಿನೇ ಬೇರೆ, ಫಿಸಿಷಿಯನ್‌ಗೆ ತೋರ್ಸಿ. ಅಲ್ಲೀವರ್ಗೂ ದಯವಿಟ್ಟು ಮೆಟ್ರೋದಲ್ಲೇ ಓಡಾಡಿ, ತೂಕಡಿಕೆ ಇಟ್ಕೊಂಡು ರಿಂಗ್ ರೋಡಲ್ಲಿ ಸ್ಕೂಟರ್ ಓಡಿಸ್ಬೇಡಿ.

ಪ್ರಶ್ನೆ: ನಮ್ಮ ಮಗನಿಗೆ 6 ವರ್ಷ, ಬಾಯಿ ತೆರ್ಕೊಂಡೇ ಮಲಗ್ತಾನೆ, ಗೊರಕೆ ಬೇರೆ. ಬಾಯಿಗೆ ಟೇಪ್ ಅಂಟಿಸ್ಬಹುದಾ?
– ಬನಶಂಕರಿ

ಉತ್ತರ: ಖಂಡಿತ ಬೇಡ. ಈ ವಯಸ್ಸಲ್ಲಿ ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ಊದ್ಕೊಂಡು ದಾರಿ ಕಟ್ಟಿರೋದೇ ಜಾಸ್ತಿ, ಅಂಥಾದ್ರಲ್ಲಿ ಬಾಯಿನೂ ಮುಚ್ಚಿದ್ರೆ ಮಗು ಉಸಿರಾಡೋದೆಲ್ಲಿಂದ? ಇದೇ ವಾರ ಇಎನ್‌ಟಿ ಡಾಕ್ಟ್ರಿಗೆ ತೋರ್ಸಿ, ಹೋಗೋ ಮುಂಚೆ ಅವನು ಮಲಗಿರೋದನ್ನ ಸೌಂಡ್ ಸಮೇತ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ.