ಆಫೀಸ್ ಖರ್ಚಲ್ಲಿ ಸಾಫ್ಟ್‌ವೇರ್ ಲಾಂಚ್ ಈವೆಂಟ್‌ಗೆ ಹೋಗಿ ಬರಿಗೈಯಲ್ಲಿ ಬಂದೆ, ಮ್ಯಾನೇಜರ್‌ಗೆ ಏನು ಹೇಳಲಿ?

ಬರಿಗೈಯಲ್ಲಿ ಬಂದೆ ಅಂತಲೇ ಹೇಳಿ.

ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿದ್ದೀರಿ. ಡೆವಲಪರ್‌ಗಳಿಗೆ ಅಂತ ಕರೆದು ದಿನವಿಡೀ ಜಾಹೀರಾತು ತೋರಿಸಿದ್ದಾರೆ. ಸೋಮವಾರ ವರದಿ ಕೊಡಬೇಕು. "ಅಲ್ಲಿ ನೋಡಿದ್ದರಲ್ಲಿ ಒಂದನ್ನಾದರೂ ನಮ್ಮ ಪ್ರಾಜೆಕ್ಟ್‌ಗೆ ತಗೊಳ್ಳೋಣ ಅಂದರೆ ಹೋಗಿದ್ದಕ್ಕೂ ಒಂದು ಅರ್ಥ ಇರುತ್ತೆ ಅಲ್ವಾ" ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಮಾಡಿದ್ದು ಅದನ್ನೇ.

ಜಿಯೋ ಬರುವುದಕ್ಕೂ ಮುಂಚಿನ ಮಾತು. ಹುಬ್ಬಳ್ಳಿಯಲ್ಲಿ ನಾವು ಮೂವರು ಗೆಳೆಯರು ಸೇರಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೆವು. ಬಿಲ್ಲಿಂಗ್, ಶಾಲೆಯ ಫೀ ಲೆಕ್ಕ, ಇಂಥವೇ ಕೆಲಸ. ಆಗ ಶಿರಸಿಯ ಒಬ್ಬ ಅಡಿಕೆ ಮಂಡಿ ಯಜಮಾನರು ಒಂದು ಮೊಬೈಲ್ ಆ್ಯಪ್ ಕೇಳಿದರು. ಅವರ ಗುಮಾಸ್ತರು ಸಿದ್ದಾಪುರ, ಯಲ್ಲಾಪುರದ ಕಡೆ ಹಳ್ಳಿಗಳಿಗೆ ಹೋಗಿ ಅಡಿಕೆ ತೂಕ ಮಾಡಿಸಿಕೊಂಡು ಬರುತ್ತಿದ್ದರು. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಚಾಲಿ ಎಷ್ಟು, ಯಾರ ಚೀಲ ಯಾವುದು, ಎಲ್ಲ ಅಲ್ಲೇ ಫೋನಲ್ಲಿ ಬರೆಯಬೇಕು. ಆ ಘಟ್ಟದ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದು ಗುಡ್ಡ ಹತ್ತಿದಾಗ ಮಾತ್ರ. ಹಾಗಾಗಿ ಆ್ಯಪ್ ನೆಟ್ ಇಲ್ಲದೆ ಓಡಬೇಕು, ನೆಟ್ ಸಿಕ್ಕಾಗ ಲೆಕ್ಕ ತಾನಾಗಿ ಮಂಡಿಯ ಕಂಪ್ಯೂಟರಿಗೆ ಸೇರಬೇಕು. ಹೇಗೆ ಮಾಡುವುದು ಅಂತ ನಾವು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೆವು. ರೇಟ್ ಹೇಳಿರಲಿಲ್ಲ.

ಅದೇ ಹೊತ್ತಿಗೆ ಒಂದು ದೊಡ್ಡ ಕಂಪನಿಯ ಮೊಬೈಲ್ ಪ್ಲಾಟ್‌ಫಾರ್ಮ್ ಬಿಡುಗಡೆಯ ಆಹ್ವಾನ ಬಂತು. ಹೆಸರು ಬೇಡ. ಊಟ ಫ್ರೀ, ಟೀ ಶರ್ಟ್ ಫ್ರೀ, "ಕೋಡ್ ಬರೆಯುವವರಿಗಾಗಿ, ಕೋಡ್ ಬರೆಯುವವರಿಂದ" ಅನ್ನೋ ಸಾಲು ಬೇರೆ. ಮೂವರಲ್ಲಿ ನಾನು ಹೋಗೋದು ಅಂತಾಯಿತು. ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿ ಹೊರಟೆ. ಆಗ ವೈಟ್‌ಫೀಲ್ಡ್‌ಗೆ ಮೆಟ್ರೋ ಎಲ್ಲಿತ್ತು? ಮೆಜೆಸ್ಟಿಕ್‌ನಲ್ಲಿ 335ಇ ಹತ್ತಿ, ಮಾರತಹಳ್ಳಿ ಸೇತುವೆ ಹತ್ತಿರ ನಿಂತಲ್ಲೇ ನಿದ್ದೆ ಮಾಡಿ, ತಲುಪುವಷ್ಟರಲ್ಲಿ ಮುಖ್ಯ ಹಾಲ್ ತುಂಬಿತ್ತು. ನಮ್ಮನ್ನು ಪಕ್ಕದ ಹಾಲ್‌ಗೆ ಕಳಿಸಿದರು. ಅಲ್ಲಿ ದೊಡ್ಡ ಪರದೆ. ಅಂದರೆ ರಾತ್ರಿಯಿಡೀ ಪ್ರಯಾಣ ಮಾಡಿ ನಾನು ನೋಡಿದ್ದು ವಿಡಿಯೋ.

ಬೆಳಗಿನ ಭಾಷಣಗಳ ಬಗ್ಗೆ ಹೇಳೋಕೆ ಏನೂ ಇಲ್ಲ. ಭಾರತದಲ್ಲಿ ಎಷ್ಟು ಡೆವಲಪರ್‌ಗಳಿದ್ದಾರೆ, ನಾವೆಲ್ಲ ಎಷ್ಟು ಬುದ್ಧಿವಂತರು, ಅಷ್ಟೇ. ಮಧ್ಯೆ ಕೈಯಾರೆ ಮಾಡಿ ನೋಡುವ ಲ್ಯಾಬ್ ಇತ್ತು. ನೂರಾರು ಜನ ಒಟ್ಟಿಗೆ ಎಸ್‌ಡಿಕೆ (ಆ್ಯಪ್ ಕಟ್ಟೋಕೆ ಬೇಕಾದ ಸಾಧನಗಳ ಕಟ್ಟು) ಡೌನ್‌ಲೋಡ್ ಮಾಡೋಕೆ ಹೊರಟರೆ ಹೋಟೆಲಿನ ವೈಫೈ ಏನು ಮಾಡೀತು, ಪಾಪ? ಕೂತೇಬಿಟ್ಟಿತು. ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋಗೋಕೆ ಶುರುವಾದವು. ನನ್ನ ಸಾಲಿಗೆ ಬರುವಷ್ಟರಲ್ಲಿ ಲ್ಯಾಬಿನ ಸಮಯ ಮುಗಿದಿತ್ತು. ನಿಮಗಾದ ಬೇಸರ ನನಗೂ ಆಗಿತ್ತು. ಎಷ್ಟು ಅಂದರೆ, ರೈಲು ಚಾರ್ಜ್ ಲೆಕ್ಕ ಹಾಕುತ್ತಾ ಕೂತಿದ್ದೆ.

ಊಟಕ್ಕೆ ಸ್ವಲ್ಪ ಮುಂಚೆ ಒಬ್ಬರು ವೇದಿಕೆಗೆ ಬಂದು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿದರು. ಒಂದು ಪಟ್ಟಿ ತೆರೆದು ಎರಡು ಸಾಲು ಸೇರಿಸಿದರು, ಒಂದು ಸಾಲು ತಿದ್ದಿದರು. ಫ್ಲೈಟ್ ಮೋಡ್ ತೆಗೆದರು. ಲ್ಯಾಪ್‌ಟಾಪ್‌ನಲ್ಲಿ ಆ ಸಾಲುಗಳು ಟಪಟಪ ಅಂತ ಕಾಣಿಸಿಕೊಂಡವು. ನಾನು ಸೆಟೆದು ಕೂತೆ. ಶಿರಸಿಯವರು ಕೇಳಿದ್ದು ಇದನ್ನೇ ಅಲ್ವಾ! ಮುಂದಿನ ಸ್ಲೈಡಿನಲ್ಲಿ ದೊಡ್ಡದಾಗಿ "ಆಫ್‌ಲೈನ್ ಸಿಂಕ್" ಅಂತಿತ್ತು, ಅಂದರೆ ನೆಟ್ ಇಲ್ಲದಾಗ ಬರೆದದ್ದನ್ನು ನೆಟ್ ಸಿಕ್ಕಾಗ ತಾನಾಗಿ ಸೇರಿಸುವುದು. ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಚಿಹ್ನೆ. ನಾನು ಫೋಟೋ ಹೊಡೆದೆ. ಊಟದ ಸಾಲಿನಲ್ಲಿ ನಿಂತು, ಕೈಯಲ್ಲಿ ಪ್ಲೇಟ್ ಹಿಡಿದುಕೊಂಡೇ, ಯಜಮಾನರಿಗೆ ಮೆಸೇಜ್ ಕಳಿಸಿದೆ: "ಆಗುತ್ತೆ ಸರ್. ಹೊಸ ಅಡಿಕೆ ಬರೋ ಮುಂಚೆ ಕೊಡ್ತೀವಿ." ಕೆಳಗೆ ಒಂದು ಮೊತ್ತವನ್ನೂ ಹಾಕಿದೆ.

ನಾನು ಕೆಟ್ಟಿದ್ದು ಅಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಎಲ್ಲರೂ "ಡೆಮೊ ನಂಬಿ ಮೋಸ ಹೋದೆ" ಅಂತ ಅಂದುಕೊಳ್ಳುತ್ತಾರೆ. ಡೆಮೊದಲ್ಲಿ ಸುಳ್ಳೇನೂ ಇರಲಿಲ್ಲ. ತೋರಿಸಿದ್ದು ಓಡಿತು. ಆದರೆ ಕಂಪನಿಗಳ ಬಾಯಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ಒಂದು, ಘೋಷಣೆ: ಹೀಗೊಂದು ಮಾಡಬೇಕು ಅಂತಿದ್ದೇವೆ. ಎರಡು, ಪ್ರಿವ್ಯೂ: ಮಾಡಿದ್ದೇವೆ, ಆಡಿ ನೋಡಿ, ಮುರಿದರೆ ನಮ್ಮನ್ನು ಕೇಳಬೇಡಿ, ನಾಳೆ ಬದಲಾಯಿಸಿದರೂ ಕೇಳಬೇಡಿ. ಮೂರು, ಜನರಲ್ ಅವೈಲಬಿಲಿಟಿ: ಗಿರಾಕಿಗೆ ಕೊಡಬಹುದು, ತೊಂದರೆಯಾದರೆ ಸಪೋರ್ಟ್ ಇದೆ. ಆ ನಕ್ಷತ್ರದ ಅರ್ಥ ಸ್ಲೈಡಿನ ಬುಡದಲ್ಲೇ ಇತ್ತು. "ಕಮಿಂಗ್ ಸೂನ್." ಅಂದರೆ ಅದು ಎರಡನೆಯದೂ ಅಲ್ಲ, ಮೊದಲನೆಯದು. ಪಕ್ಕದ ಹಾಲ್‌ನ ಪರದೆಯ ಕೆಳಭಾಗವನ್ನು ಮುಂದಿನವರ ತಲೆಗಳು ಮುಚ್ಚಿದ್ದವು. ನನ್ನ ಫೋಟೋದಲ್ಲೂ ತಲೆಗಳೇ.

ಆದರೂ ತಲೆಗಳ ಮೇಲೆ ತಪ್ಪು ಹೊರಿಸಲ್ಲ. ಅವತ್ತೇ ಅವರ ಡಾಕ್ಯುಮೆಂಟೇಶನ್, ಅಂದರೆ ಬಳಕೆಯ ಕೈಪಿಡಿ, ತೆರೆದಿದ್ದರೆ ತಿಳಿಯುತ್ತಿತ್ತು. ಎಪಿಐ ಪಟ್ಟಿಯಲ್ಲಿ, ಅಂದರೆ ನಮ್ಮ ಕೋಡ್‌ನಿಂದ ಕರೆಯಬಹುದಾದ ಆಜ್ಞೆಗಳ ಪಟ್ಟಿಯಲ್ಲಿ, ಸಿಂಕ್‌ಗೆ ಒಂದು ಮೆಥಡ್ (ಆಜ್ಞೆ) ಕೂಡ ಇರಲಿಲ್ಲ. ಕರೆಯೋಕೆ ಮೆಥಡ್ ಹೆಸರೇ ಇಲ್ಲ ಅಂದರೆ ಆ ಫೀಚರ್ ಇಲ್ಲ, ಅಷ್ಟೇ. ಹುಬ್ಬಳ್ಳಿಗೆ ಫೋನ್ ಮಾಡಿದಾಗ ನನ್ನ ಪಾರ್ಟ್ನರ್ ಕೇಳಿದ ಮೊದಲ ಪ್ರಶ್ನೆಯೇ "ಲೇ, ಡಾಕ್ಯುಮೆಂಟ್ ನೋಡಿಯೇನು?" ಅಂತ. ಅನುಮಾನ ಪಟ್ಟ ಇನ್ನೊಬ್ಬ, ಹಾಲ್‌ನಲ್ಲಿ ಚಾರ್ಜರ್ ಹಾಕೋಕೆ ಗೋಡೆ ಪಕ್ಕ ನೆಲದ ಮೇಲೆ ಕೂತಿದ್ದ ಮಂಗಳೂರಿನ ಹುಡುಗ. ಅವನು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: "ಅಲ್ಲ ಮಾರಾಯ್ರೆ, ಎರಡು ಫೋನಲ್ಲಿ ಒಂದೇ ಸಾಲು ತಿದ್ದಿದ್ರೆ ಯಾವುದು ನಿಲ್ಲುದು ಅಂತ ಅವರು ಹೇಳ್ಲೇ ಇಲ್ಲ." ವೇದಿಕೆ ಮೇಲೆ ಇದ್ದದ್ದು ಒಂದೇ ಫೋನು, ಒಬ್ಬನೇ ಮನುಷ್ಯ. ಜಗಳಕ್ಕೆ ಇಬ್ಬರು ಬೇಕು. ಸಿಂಕ್‌ನ ಕಷ್ಟವೆಲ್ಲ ಇರೋದು ಎರಡನೇ ಫೋನ್ ಬಂದಾಗ.

ಇಷ್ಟಾದರೂ ಮೆಸೇಜ್ ವಾಪಸ್ ತೆಗೆಯಲಿಲ್ಲ ಯಾಕೆ? ದಿನವೆಲ್ಲ ಹಾಳಾಗಿತ್ತು, ಅದಕ್ಕೇ. ಬೆಳಗಿಂದ ನಾಲ್ಕು ಒಳ್ಳೆಯ ವಿಷಯ ಕಲಿತಿದ್ದರೆ ಈ ಐದನೆಯದನ್ನು ಆರಾಮಾಗಿ ಅನುಮಾನಿಸುತ್ತಿದ್ದೆ. ಏನೂ ಸಿಗದ ದಿನದಲ್ಲಿ ಸಿಕ್ಕಿದ್ದು ಅದೊಂದೇ. ಗೆಳೆಯರ ದುಡ್ಡಲ್ಲಿ ಹೋದವನಿಗೆ ಏನಾದರೂ ಒಂದು ತರಲೇಬೇಕು ಅನ್ನಿಸುತ್ತೆ. ನಿಮಗೂ ಈಗ ಅನ್ನಿಸುತ್ತಿರೋದು ಅದೇ. ಹಾಗಾಗಿಯೇ ನೀವು ಕೇಳಿದ್ದನ್ನು ಓದಿ ನನಗೆ ಹೆದರಿಕೆಯಾಯಿತು.

ಮುಂದಿನದು ಬೇಗ ಹೇಳುತ್ತೇನೆ. ಫೀಚರ್ ಬರಲಿಲ್ಲ. ನಾವೇ ಸಿಂಕ್ ಬರೆದೆವು. ಯಾವ ದಾಖಲೆಯ ಸಮಯ ಹೊಸದೋ ಅದು ಉಳಿಯಲಿ, ಹಳೆಯದು ಹೋಗಲಿ ಅನ್ನೋ ಸುಲಭದ ನಿಯಮ ಇಟ್ಟೆವು. ಒಬ್ಬ ಗುಮಾಸ್ತನ ಫೋನಿನ ಗಡಿಯಾರ ಮುಂದಿತ್ತು. ಅವನು ಬರೆದದ್ದೆಲ್ಲ "ಹೊಸದು" ಆಗಿ, ಮಂಡಿಯಲ್ಲಿ ಮತ್ತೆ ತೂಗಿ ಸರಿ ಮಾಡಿದ ಲೆಕ್ಕವನ್ನು ಅಳಿಸಿ ಕೂತವು. ಪ್ರಿಂಟ್ ತೆಗೆದ ಪಟ್ಟಿಯಲ್ಲಿ ಒಂದು, ಪರದೆಯಲ್ಲಿ ಇನ್ನೊಂದು. ಯಜಮಾನರು ಬೈಯಲಿಲ್ಲ. "ತಮಾ, ಚೀಲ ಒಂದೇ, ತೂಕ ಎರಡು ಹ್ಯಾಂಗಾತು?" ಅಂದರು. ಬೈದಿದ್ದರೇ ವಾಸಿ ಇತ್ತು.

ಕೊನೆಗೆ ಸರಿಹೋಗಿದ್ದು ಅವರ ಕಿರ್ದಿ ಪುಸ್ತಕ, ಅಂದರೆ ದಿನದ ಲೆಕ್ಕದ ಪುಸ್ತಕ, ನೋಡಿದ ಮೇಲೆ. ಅದರಲ್ಲಿ ಯಾರೂ ಬರೆದದ್ದನ್ನು ಅಳಿಸುವುದಿಲ್ಲ. ತಪ್ಪಾದರೆ ಕೆಳಗೆ ಇನ್ನೊಂದು ಸಾಲು. ಆ್ಯಪನ್ನೂ ಹಾಗೇ ತಿರುಗಿಸಿ ಬರೆದೆವು: ಪ್ರತಿ ತೂಕವೂ ಬೇರೆ ದಾಖಲೆ, ಪ್ರತಿಯೊಂದಕ್ಕೂ ಬೇರೆ ಗುರುತು, ಯಾವುದನ್ನೂ ಮೇಲೆ ಬರೆದು ಮುಚ್ಚುವಂತಿಲ್ಲ, ಎರಡು ತಾಳೆಯಾಗದಿದ್ದರೆ ಮಂಡಿಯಲ್ಲಿರುವ ಮನುಷ್ಯನೇ ನೋಡಿ ತೀರ್ಮಾನಿಸಲಿ. ಗಡಿಯಾರವನ್ನು ನಂಬುವುದು ಬಿಟ್ಟೆವು. ಅಷ್ಟು ಹೊತ್ತಿಗೆ ಸೀಸನ್ ಮುಗಿದಿತ್ತು, ಅಡ್ವಾನ್ಸ್ ಕರಗಿತ್ತು, ಮೂವರಲ್ಲಿ ಒಬ್ಬ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗಿದ್ದ. ಮೊತ್ತ ಮೊದಲೇ ಹೇಳಿಬಿಟ್ಟಿದ್ದರಿಂದ ಹೆಚ್ಚಿಗೆ ಕೇಳೋಕೆ ಬಾಯಿ ಬರಲಿಲ್ಲ.

"ಕೆಟ್ಟ ಈವೆಂಟ್‌ಗೆ ಹೋಗಿಬಿಟ್ಟೆ" ಅನ್ನೋ ನಿಮ್ಮ ಕೊರಗನ್ನೂ ನಾನು ಒಪ್ಪಲ್ಲ. ಈವೆಂಟ್ ಚೆನ್ನಾಗಿತ್ತಾ ಇಲ್ಲವಾ ಅನ್ನೋದಕ್ಕೂ ಸಾಫ್ಟ್‌ವೇರ್ ಉಳಿಯುತ್ತಾ ಅನ್ನೋದಕ್ಕೂ ಸಂಬಂಧವೇ ಇಲ್ಲ. 2009ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೂಗಲ್ ತನ್ನ "ವೇವ್" ಅನ್ನೋ ಹೊಸ ಸಂದೇಶ ವ್ಯವಸ್ಥೆ ತೋರಿಸಿದಾಗ ಡೆವಲಪರ್‌ಗಳು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಅದನ್ನು ಮುಂದುವರಿಸಲ್ಲ ಅಂತ ಗೂಗಲ್ ಹೇಳಿತು. 2003ರಲ್ಲಿ ಲಾಸ್ ಏಂಜಲೀಸ್‌ನ ಸಮ್ಮೇಳನದಲ್ಲಿ ಮೈಕ್ರೋಸಾಫ್ಟ್ ವಿನ್‌ಎಫ್‌ಎಸ್ ಅನ್ನೋ ಹೊಸ ಫೈಲ್ ವ್ಯವಸ್ಥೆ ತೋರಿಸಿತ್ತು. ಮುಂದಿನ ವಿಂಡೋಸ್‌ನ ಆಧಾರ ಕಂಬಗಳಲ್ಲೊಂದು ಅಂದಿದ್ದರು. 2004ರಲ್ಲಿ ಅದನ್ನು ಆ ವಿಂಡೋಸ್‌ನಿಂದ ಕೈಬಿಟ್ಟರು. 2007ರ ಜನವರಿಯಲ್ಲಿ ಆ ವಿಂಡೋಸ್ "ವಿಸ್ತಾ" ಅನ್ನೋ ಹೆಸರಲ್ಲಿ ಅಂಗಡಿಗೆ ಬಂದಾಗ ಅದರಲ್ಲಿ ವಿನ್‌ಎಫ್‌ಎಸ್ ಇರಲಿಲ್ಲ. ಈ ಎರಡೂ ಕಡೆ ಹೋದವರಿಗೆ ಆ ದಿನ ಬೇಸರ ಆಗಿರಲಿಕ್ಕಿಲ್ಲ.

ಉಲ್ಟಾನೂ ಇದೆ. 1998ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಬಿಲ್ ಗೇಟ್ಸ್ ಪಕ್ಕದಲ್ಲಿ ನಿಂತಿರುವಾಗಲೇ, ಒಂದು ಸ್ಕ್ಯಾನರ್ ಚುಚ್ಚಿದ ತಕ್ಷಣ ವಿಂಡೋಸ್ 98 ನೀಲಿ ಪರದೆ ತೋರಿಸಿ ಸತ್ತುಬಿತ್ತು. ಎಲ್ಲರೂ ನಕ್ಕರು. ಆದರೂ ಆ ಸಾಫ್ಟ್‌ವೇರ್ ಜೂನ್‌ನಲ್ಲಿ ಬಂತು, ಊರೆಲ್ಲ ಬಳಸಿತು. ನನ್ನನ್ನು ಕೇಳಿದರೆ, ವೇದಿಕೆ ಮೇಲೆ ಕೈಕೊಟ್ಟ ಡೆಮೊಗೆ ನಾನು ಜಾಸ್ತಿ ಮರ್ಯಾದೆ ಕೊಡುತ್ತೇನೆ. ಕನಿಷ್ಠ ಅದು ನಿಜವಾಗಿ ಓಡುತ್ತಿತ್ತು ಅಂತಾದರೂ ಗೊತ್ತಾಗುತ್ತೆ.

ಇನ್ನುಮೇಲೆ ಹೋಗಬೇಕಾ, ಆನ್‌ಲೈನ್ ನೋಡಿದರೆ ಸಾಕಾ ಅಂತಲೂ ಕೇಳಿದ್ದೀರಿ. ಕಂಪನಿಯ ಬಿಡುಗಡೆಯಾದರೆ ಮನೆಯಲ್ಲೇ ನೋಡಿ, ವೇಗ ಜಾಸ್ತಿ ಮಾಡಿಕೊಂಡು. ರಜೆ, ಬಸ್ ಚಾರ್ಜ್ ಎಲ್ಲ ಬಳಕೆದಾರರೇ ಸೇರಿ ನಡೆಸುವ ಸಮ್ಮೇಳನಗಳಿಗೆ ಇಟ್ಟುಕೊಳ್ಳಿ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಪೈಕಾನ್ ಇಂಡಿಯಾ ಇದೆಯಲ್ಲ, 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಶುರುವಾದದ್ದು, ಅದನ್ನು ನಡೆಸುವವರು ಸ್ವಯಂಸೇವಕರು. ಅಂಥ ಕಡೆ ಜನ "ನಮ್ಮಲ್ಲಿ ಇದು ಹೀಗೆ ಮುರಿಯಿತು" ಅಂತ ಹೇಳಿಕೊಳ್ಳುತ್ತಾರೆ. ಬಿಡುಗಡೆಯ ವೇದಿಕೆಯಲ್ಲಿ ಆ ಮಾತು ಕೇಳಿದ್ದೀರಾ? ಅಲ್ಲಿಗೆ ಹೋಗಲೇಬೇಕಾಗಿ ಬಂದರೆ ಹಾಲ್ ಒಳಗೆ ಕೂರಬೇಡಿ. ಮೈಕ್ ಹಿಡಿದವರನ್ನು ಬಿಟ್ಟು, ಸ್ಟಾಲ್ ಹಿಂದೆ ಸುಮ್ನೆ ನಿಂತಿರುವ ಎಂಜಿನಿಯರ್‌ನ ಹುಡುಕಿ. ಇದನ್ನು ಇವತ್ತು ಯಾವ ಗಿರಾಕಿ ದಿನನಿತ್ಯ ಬಳಸುತ್ತಿದ್ದಾನೆ ಅಂತ ಕೇಳಿ. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸ ಇರಲ್ಲ.

ಸೋಮವಾರದ್ದು ಅರ್ಧ ಪುಟ ಸಾಕು. ಇವತ್ತೇ ಡೌನ್‌ಲೋಡ್ ಮಾಡಿ ಬಳಸಬಹುದಾದದ್ದು ಏನು, ಬರೀ ಘೋಷಣೆ ಆದದ್ದು ಏನು, ಬೆಲೆ ಹೇಳಿದರಾ ಇಲ್ಲವಾ. ಕೊನೆಗೆ "ಸದ್ಯಕ್ಕೆ ನಮಗೆ ಇದರಲ್ಲಿ ಏನೂ ಬೇಡ" ಅಂತ ಒಂದು ಸಾಲು. ಯಾವುದಾದರೂ ಒಂದರ ಮೇಲೆ ಮ್ಯಾನೇಜರ್‌ಗೆ ಆಸೆ ಹುಟ್ಟಿದರೆ, ನಿಮ್ಮ ಪ್ರಾಜೆಕ್ಟಿನ ಅತಿ ಕಷ್ಟದ ಒಂದು ಭಾಗವನ್ನು ಅದರಲ್ಲಿ ಮಾಡಿ ನೋಡೋಕೆ ಒಂದು ವಾರ ಕೇಳಿ. ಸುಲಭದ ಭಾಗ ಯಾವುದರಲ್ಲಾದರೂ ಆಗುತ್ತೆ. ಆ ವಾರ ಮುಗಿಯುವ ತನಕ ಗಿರಾಕಿಗೆ ಯಾರೂ ತಾರೀಕು ಹೇಳಬಾರದು, ಮುಖ್ಯವಾಗಿ ಸೇಲ್ಸ್‌ನವರು.

"ಹಾಗಾದರೆ ಹೋಗಿದ್ದಾದರೂ ಯಾಕೆ" ಅಂತ ಕೇಳಿದರೆ ಟೀ ಶರ್ಟ್ ಅವರಿಗೇ ಕೊಟ್ಟುಬಿಡಿ. ನನಗೆ ಕೊಟ್ಟಿದ್ದು ಎಕ್ಸ್‌ಎಲ್, ಮೂವರಲ್ಲಿ ಯಾರಿಗೂ ಆಗಲಿಲ್ಲ.