ತಂತಿ ಮಾತು: ಅಜ್ಜಿಯ ಮಂಚ, ಗುಂಯ್ ಅನ್ನುವ ಗಿಟಾರು, 1966ರ ಟೆಲಿಕಾಸ್ಟರ್

ಈ ಸಲ ಗಿಟಾರ್ ಬಗ್ಗೆ ಬಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಸಕಲೇಶಪುರದ ಪತ್ರಕ್ಕೆ ಉತ್ತರ ಉದ್ದವಾಗಿದೆ. ಬೀಟೆ ಮರದ ಮಾತು ಬಂದರೆ ನನಗೆ ನಾಲ್ಕು ಸಾಲಿನಲ್ಲಿ ಮುಗಿಸಲು ಮನಸ್ಸು ಬರುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಅಕೌಸ್ಟಿಕ್ ಗಿಟಾರ್ ನುಡಿಸುತ್ತೇನೆ. ಟ್ಯೂಷನ್ ಹೇಳಿಕೊಟ್ಟು 25 ಸಾವಿರ ಕೂಡಿಸಿದ್ದೇನೆ. ಮೊದಲ ಎಲೆಕ್ಟ್ರಿಕ್ ಗಿಟಾರ್ ತಗೋಬೇಕು. ಸ್ಟ್ರಾಟ್ ಆಕಾರದ್ದೋ, ಲೆಸ್ ಪಾಲ್ ಆಕಾರದ್ದೋ? ಗೆಳೆಯರು ದಿನಕ್ಕೊಂದು ಹೇಳುತ್ತಾರೆ.
– ವಿದ್ಯಾರ್ಥಿ, ದಾವಣಗೆರೆ

ಅಷ್ಟೂ ದುಡ್ಡನ್ನು ಗಿಟಾರಿಗೇ ಹಾಕಬೇಡಿ. 17–18 ಸಾವಿರ ಗಿಟಾರಿಗೆ, ಐದು ಸಾವಿರದ ಆಸುಪಾಸು ಸಣ್ಣ ಆಂಪ್‌ಗೆ ಇಡಿ. ಉಳಿದದ್ದು ಒಳ್ಳೆಯ ಕೇಬಲ್‌ಗೆ ಮತ್ತು ಸೆಟಪ್‌ಗೆ, ಅಂದರೆ ನೆಕ್, ತಂತಿಯ ಎತ್ತರ ಸರಿ ಮಾಡಿಸುವುದಕ್ಕೆ. ಸೆಟಪ್ ಇಲ್ಲದ ದುಬಾರಿ ಗಿಟಾರಿಗಿಂತ ಸೆಟಪ್ ಆದ ಸಾಧಾರಣ ಗಿಟಾರ್ ಕೈಗೆ ಎಷ್ಟೋ ಹಿತ. ನಾನು ಇಷ್ಟು ವರ್ಷ ರಿಪೇರಿ ಮಾಡಿ ಕಂಡುಕೊಂಡದ್ದು ಮುಖ್ಯವಾಗಿ ಇದನ್ನೇ.

ಆಕಾರಕ್ಕಿಂತ ತಂತಿಯ ಉದ್ದ ನೋಡಿ. ಫೆಂಡರ್ ಕಂಪನಿಯ ಸ್ಟ್ರಾಟ್‌ನಲ್ಲಿ ನಟ್‌ನಿಂದ (ಹೆಡ್ ಹತ್ತಿರ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗೆ (ಬಾಡಿಯ ಮೇಲೆ ತಂತಿ ಕೂರುವ ಜಾಗ) 648 ಮಿ.ಮೀ., ಗಿಬ್ಸನ್ ಕಂಪನಿಯ ಲೆಸ್ ಪಾಲ್‌ನಲ್ಲಿ ಸುಮಾರು 628. ಎರಡು ಸೆಂಟಿಮೀಟರ್ ಅಷ್ಟೇ ಅನಿಸಬಹುದು. ಆದರೆ ಅದೇ ತಂತಿ, ಅದೇ ಶ್ರುತಿಯಲ್ಲಿ ಲೆಸ್ ಪಾಲ್ ಬೆರಳಿಗೆ ಸಡಿಲ, ಸ್ಟ್ರಾಟ್ ಬಿಗಿ. ಲೆಸ್ ಪಾಲ್ ನಾಲ್ಕು ಕಿಲೋ ದಾಟುವುದೂ ಉಂಟು. ನಿಂತು ಎರಡು ಗಂಟೆ ನುಡಿಸಿದರೆ ಹೆಗಲಿಗೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಹೀಗೆ ಮಾಡಿ. ಗಿಟಾರನ್ನು ಎತ್ತಿ, ಹೆಡ್ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣಲ್ಲಿ ನೋಡಿ. ತಿರುಚಿಕೊಂಡಿದ್ದರೆ ವಾಪಸ್ ಇಟ್ಟುಬಿಡಿ. ಆಮೇಲೆ ನೆಕ್‌ನ ಅಂಚಿನ ಮೇಲೆ ಬೆರಳು ಸವರಿ. ನಿಮ್ಮ ಊರಿನ ಒಣ ಬೇಸಿಗೆಗೆ ಮರ ಕುಗ್ಗುತ್ತದೆ, ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ, ಅಂದರೆ ಫ್ರೆಟ್, ಕುಗ್ಗುವುದಿಲ್ಲ. ತುದಿಗಳು ಹೊರಗೆ ಬಂದು ಚುಚ್ಚುತ್ತವೆ. ಕೊನೆಗೆ ಒಂದೊಂದು ತಂತಿಯಲ್ಲೂ ಒಂದೊಂದು ಫ್ರೆಟ್ ಒತ್ತಿ ನುಡಿಸಿ. 22 ಫ್ರೆಟ್, ಆರು ತಂತಿ, ಒಟ್ಟು 132 ಸ್ವರ. ಐದು ನಿಮಿಷದ ಕೆಲಸ. ಎಲ್ಲಾದರೂ ಸ್ವರ ಸತ್ತಂತೆ ಕೇಳಿದರೆ ಆ ಗಿಟಾರ್ ಬೇಡ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ದುಡ್ಡು ನಿಮ್ಮದು.

ಯಮಹಾ ಪೆಸಿಫಿಕಾ, ಸ್ಕ್ವಾಯರ್, ಐಬನೀಜ್, ಕಾರ್ಟ್ ಇವುಗಳ ಕೆಳಗಿನ ಮಾದರಿಗಳನ್ನು ಕೈಯಲ್ಲಿ ಹಿಡಿದು ನೋಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಸ್ಟ್ರಾಟ್ ಆಕಾರ, ಬ್ರಿಜ್ ಪಕ್ಕ ಒಂದು ಹಂಬಕರ್, ಅಂದರೆ ಎರಡು ಕಾಯಿಲ್‌ನ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಭಾಗ), ಇರುವುದನ್ನು ತಗೊಳ್ಳುತ್ತಿದ್ದೆ. ತೆಳು ದನಿ, ದಪ್ಪ ದನಿ ಎರಡೂ ಒಂದರಲ್ಲೇ ಸಿಗುತ್ತವೆ.

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ನಮ್ಮಜ್ಜಿಯ ಬೀಟೆ ಮಂಚ ಮುರಿದು ಅಟ್ಟ ಸೇರಿದೆ. ಅದರಿಂದ ಇಡೀ ಎಲೆಕ್ಟ್ರಿಕ್ ಗಿಟಾರ್ ಮಾಡಬಹುದಾ? ತೋಟದಲ್ಲಿ ಒಂದು ಬೀಟೆ ಮರವೂ ಗಾಳಿಗೆ ಬಿದ್ದಿದೆ. ನನಗೆ 51 ವರ್ಷ, ಮರಗೆಲಸ ಸ್ವಲ್ಪ ಬರುತ್ತದೆ.
– ಬೆಳೆಗಾರರು, ಸಕಲೇಶಪುರ

ಬಿದ್ದ ಮರಕ್ಕೆ ಗರಗಸ ಹಚ್ಚಬೇಡಿ. ನಿಮ್ಮದೇ ಜಮೀನಾದರೂ ಬೀಟೆಯನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿಬಿಡಿ. ಮಂಚದ ಮಾತು ಬೇರೆ, ಅದು ನಿಮ್ಮ ಮನೆಯ ವಸ್ತು.

ಈ ಮರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲು ಗಿಟಾರ್ ಕಂಪನಿಗಳು ಬ್ರೆಜಿಲ್‌ನ ಬೀಟೆ ಬಳಸುತ್ತಿದ್ದವು. ಅದು ಸಿಗುವುದು ಕಷ್ಟವಾದಾಗ ಕಣ್ಣು ನಮ್ಮ ಕಡೆ ತಿರುಗಿತು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಇವತ್ತು ಲೋಕದ ಎಷ್ಟೋ ಗಿಟಾರಿಗರ ಬೆರಳ ಕೆಳಗೆ ಇರುವುದು ದಕ್ಷಿಣ ಭಾರತದ ಮರ. ನಿಮ್ಮ ಅಟ್ಟದ ಮೇಲೆ ಇರುವುದೂ ಅದೇ. ನೆನೆದರೆ ನನಗೆ ಹೆಮ್ಮೆ ಆಗುತ್ತದೆ.

ಇಡೀ ಗಿಟಾರ್ ಬೀಟೆಯಲ್ಲಿ ಬೇಡ. ಫೆಂಡರ್ ಕಂಪನಿ ತನ್ನ ಟೆಲಿಕಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರನ್ನು ಹಾಗೆ ಒಮ್ಮೆ ಮಾಡಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ಗೆ ಕೊಟ್ಟಿತ್ತು. 1969ರ ಜನವರಿ 30ರಂದು ಲಂಡನ್ನಿನ ತಾರಸಿ ಮೇಲೆ ಅವರು ನುಡಿಸಿದ್ದು ಅದನ್ನೇ. ಮುಂದೆ ಅಂಥ ಗಿಟಾರುಗಳ ಭಾರ ಇಳಿಸಲು ಒಳಗೆ ಟೊಳ್ಳು ಮಾಡಬೇಕಾಯಿತು. ಗಟ್ಟಿ ಬೀಟೆಯಾದರೆ ಬಾಡಿ ಒಂದೇ ಮೂರೂವರೆ ಕಿಲೋ ಬರುತ್ತದೆ. ಮಂಚದ ಮರವನ್ನು ಫ್ರೆಟ್‌ಬೋರ್ಡಿಗೆ, ಅಂದರೆ ನೆಕ್ ಮೇಲೆ ಫ್ರೆಟ್ ಕೂರುವ ಪಟ್ಟಿಗೆ, ಇಟ್ಟುಕೊಳ್ಳಿ. ಬಾಡಿಗೆ ಹಲಸು ಒಳ್ಳೆಯದು. ನಮ್ಮ ವೀಣೆಯ ಮರ ಅದು, ಹೊಸದರಲ್ಲಿ ಹಳದಿ, ವರ್ಷ ಕಳೆದ ಹಾಗೆ ಕಂದು. ಒಣಗಿದ್ದೇ ಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಡಗಿಗಳ ಲೆಕ್ಕ. ಮೂರು ಹಲಗೆ ಅಂಟಿಸಿ ಮಾಡಿದರೂ ದನಿಗೆ ಏನೂ ಆಗುವುದಿಲ್ಲ. ಆದರೆ ನಿಮ್ಮ ಮಳೆಗಾಲದಲ್ಲಿ ಅಂಟಿಸುವ ಕೆಲಸ ಬೇಡ, ಜನವರಿವರೆಗೆ ಕಾಯಿರಿ.

ಮಾದರಿ ಟೆಲಿಕಾಸ್ಟರ್ ಆಗಲಿ. ಅದನ್ನು ರೂಪಿಸಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಿಚ್ಚಿ ರಿಪೇರಿ ಮಾಡುವವನ ಬುದ್ಧಿ ಅದರಲ್ಲಿ ಎದ್ದು ಕಾಣುತ್ತದೆ. ಸುಮಾರು 45 ಮಿ.ಮೀ. ದಪ್ಪದ ಚಪ್ಪಟೆ ಹಲಗೆ, ನಾಲ್ಕು ಸ್ಕ್ರೂನಲ್ಲಿ ನಿಲ್ಲುವ ನೆಕ್. ಲೆಸ್ ಪಾಲ್‌ನಲ್ಲಿ ನೆಕ್ಕನ್ನು ಓರೆ ಕೂರಿಸಿ ಅಂಟಿಸಬೇಕು, ಮೊದಲ ಕೆಲಸಕ್ಕೆ ಅದು ಬೇಡ. ಮೊದಲ ಗಿಟಾರಿಗೆ ನೆಕ್ ಸಿದ್ಧವಾಗಿದ್ದನ್ನೇ ಕೊಂಡು, ಬಾಡಿ ಮಾತ್ರ ಮಾಡಿ. ಬೀಟೆ ಎರಡನೆಯದಕ್ಕೆ. ಇಷ್ಟು ವರ್ಷ ಕಾದ ಮರ ಇನ್ನೊಂದು ವರ್ಷ ಕಾಯುತ್ತದೆ ಅಲ್ವಾ?

ಆ ದಿನ ಬಂದಾಗ ಮಂಚದ ಉದ್ದ ಪಟ್ಟಿಯನ್ನು ಬಿಚ್ಚಿ, ಮೊದಲು ಅದರ ಮೇಲೆಲ್ಲ ಒಂದು ಅಯಸ್ಕಾಂತ ಸವರಿ. ಹಳೇ ಮಂಚದಲ್ಲಿ ತಲೆ ಮುರಿದ ಮೊಳೆಗಳು ಒಳಗೇ ಉಳಿದಿರುತ್ತವೆ. ಮೇಲಿನ ಕಪ್ಪು ಪಾಲಿಶ್ ಹೋಗುವವರೆಗೆ ಕೀಸುಳಿ ಹಾಕಿ. ಒಳಗೆ ನೇರಳೆ ಬೆರೆತ ಕಂದು ಬಣ್ಣ, ನಡುವೆ ಕಪ್ಪು ಗೆರೆ, ಜೊತೆಗೆ ಸಿಹಿ ವಾಸನೆ. ಮೂಗಿಗೆ ಮಾಸ್ಕ್ ಇರಲಿ, ಬೀಟೆಯ ಪುಡಿ ಕೆಲವರಿಗೆ ಅಲರ್ಜಿ. 50 ಸೆಂ.ಮೀ. ಉದ್ದ, 6.5 ಸೆಂ.ಮೀ. ಅಗಲ, 7 ಮಿ.ಮೀ. ದಪ್ಪದ ತುಂಡು ಸಾಕು. ಎಳೆ ನೇರ ಇರುವ ಕಡೆ, ಬರೀ ಚೇಗಿನಲ್ಲೇ (ಮರದ ನಡುವಿನ ಗಟ್ಟಿ ಭಾಗ) ಕೊಯ್ಯಿರಿ.

ಫ್ರೆಟ್‌ನ ಜಾಗಕ್ಕೆ ಲೆಕ್ಕ ಸುಲಭ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮೊದಲಿನದಕ್ಕೆ ಕೂಡಿಸಿದರೆ ಎರಡನೆಯದು. 648 ಮಿ.ಮೀ.ಗೆ ಮೊದಲನೆಯದು 36.4, ಎರಡನೆಯದು 70.7, ಮೂರನೆಯದು 103.1. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 324. ಇವೆಲ್ಲ ನಟ್‌ನಿಂದ ಅಳೆದ ದೂರ. ಗುರುತು ಹಾಕುವಾಗಲೂ ನಟ್‌ನಿಂದಲೇ ಅಳೆಯಿರಿ. ನನ್ನ ಮೊದಲ ಫ್ರೆಟ್‌ಬೋರ್ಡಿನಲ್ಲಿ ನಾನು ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದೆ. ಪ್ರತಿ ಗುರುತಿಗೂ ಕೂದಲೆಳೆಯಷ್ಟು ತಪ್ಪು. ಹನ್ನೆರಡಕ್ಕೆ ಬರುವಾಗ ಒಂದೂವರೆ ಮಿ.ಮೀ. ಆಗಿತ್ತು. ಮೇಲಿನ ಸ್ವರಗಳು ಒಂದೂ ಶ್ರುತಿಗೆ ಕೂರಲಿಲ್ಲ. ಒಂದು ತಿಂಗಳ ಕೆಲಸ, ಅಷ್ಟು ಚೆಂದದ ಮರ, ಎರಡೂ ಹೋದವು. ವೀಣೆಯಾದರೆ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಸರಿಸಿ ಕೂರಿಸಬಹುದು. ಗಿಟಾರಿನಲ್ಲಿ 0.6 ಮಿ.ಮೀ. ಸೀಳಿನೊಳಗೆ ಫ್ರೆಟ್ಟನ್ನು ಬಡಿದು ಕೂರಿಸಿಬಿಡುತ್ತೇವೆ. ಆಮೇಲೆ ಅಲುಗಾಡಿಸುವ ಹಾಗಿಲ್ಲ.

ಪ್ರಶ್ನೆ: ಮೇಡಂ, ಮೂರು ಸಿಂಗಲ್ ಕಾಯಿಲ್ ಇರೋ ಗಿಟಾರ್ ತಗೊಂಡೀನಿ. ಆಂಪ್ ಹಚ್ಚಿದ ಕೂಡಲೇ ಗುಂಯ್ ಅಂತದ. ತಂತಿ ಮುಟ್ಟಿದ್ರ ಕಡಿಮಿ ಆಗ್ತದ. ಗಿಟಾರ್ ಕೆಟ್ಟದ ಏನ್ರಿ?
– ಓದುಗರು, ಹುಬ್ಬಳ್ಳಿ

ಕೆಟ್ಟಿಲ್ಲ, ಗಾಬರಿ ಬೇಡ. ನಾನು ಈ ಕೆಲಸಕ್ಕೆ ಬರುವ ಮುಂಚೆ ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಕಾಯಿಲ್ ಸುತ್ತುತ್ತಿದ್ದೆ. ಈಗ ಮನೆಯಲ್ಲಿ ಹಳೇ ಹೊಲಿಗೆ ಯಂತ್ರದ ಮೋಟಾರಿನಲ್ಲಿ ಪಿಕಪ್ ಸುತ್ತುತ್ತೇನೆ. ಹಾಗಾಗಿ ಈ ಗುಂಯ್ ನನಗೆ ಬಹಳ ಹಳೇ ಪರಿಚಯ.

ಸಿಂಗಲ್ ಕಾಯಿಲ್ ಅಂದರೆ ಆರು ಅಯಸ್ಕಾಂತದ ಕಡ್ಡಿಗಳ ಸುತ್ತ ಏಳೆಂಟು ಸಾವಿರ ಸುತ್ತು ತಾಮ್ರದ ತಂತಿ. ತಂತಿ ತಲೆಗೂದಲಿನಷ್ಟು ತೆಳು, 0.06 ಮಿ.ಮೀ.ಗೆ ಸ್ವಲ್ಪ ಜಾಸ್ತಿ. ಸುತ್ತುವಾಗ ಎರಡು ಬೆರಳ ನಡುವೆ ಅದು ಓಡುತ್ತಿರುತ್ತದೆ. ಬಿಗಿ ಒಂದು ಚೂರು ಹೆಚ್ಚಾದರೆ ಸದ್ದೇ ಇಲ್ಲದೆ ತುಂಡಾಗುತ್ತದೆ, ಬೆರಳು ಖಾಲಿ ಅನಿಸಿದಾಗಲೇ ಗೊತ್ತಾಗುವುದು. ಅಷ್ಟು ಸುತ್ತಿನ ಕಾಯಿಲ್ ಗಿಟಾರಿನ ತಂತಿಯ ಅಲುಗಾಟವನ್ನಷ್ಟೇ ಹಿಡಿಯುವುದಿಲ್ಲ. ಮನೆಯ 50 ಹರ್ಟ್ಜ್ ಕರೆಂಟಿನ ಅಲೆಯನ್ನೂ ಹಿಡಿಯುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ದೊಡ್ಡ ಹೆಸರು. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1957ರಿಂದ ಲೆಸ್ ಪಾಲ್‌ನಲ್ಲಿ ಬಂತು. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಒಂದರ ಸುತ್ತೂ ಅಯಸ್ಕಾಂತವೂ ಇನ್ನೊಂದಕ್ಕೆ ಉಲ್ಟಾ. ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್ ಅನ್ನುವುದು ಅದನ್ನೇ. ಆದರೆ ಸಿಂಗಲ್ ಕಾಯಿಲ್‌ನ ಆ ಗಾಜಿನಂಥ ದನಿ ಅದರಲ್ಲಿ ಸಿಗುವುದಿಲ್ಲ. ಸುಮ್ನೆ ಬದಲಾಯಿಸಬೇಡಿ.

ಮೊದಲು ಕೂತ ಜಾಗದಲ್ಲೇ ನಿಧಾನಕ್ಕೆ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ತೀರಾ ಕಡಿಮೆ ಆಗುತ್ತದೆ. ಫ್ಯಾನ್ ರೆಗ್ಯುಲೇಟರ್, ಲ್ಯಾಪ್‌ಟಾಪ್ ಚಾರ್ಜರ್ ಒಂದೊಂದಾಗಿ ಆಫ್ ಮಾಡಿ ನೋಡಿ. ಐದು ಸ್ಥಾನದ ಸ್ವಿಚ್ ಇದ್ದರೆ ಎರಡು ಮತ್ತು ನಾಲ್ಕರಲ್ಲಿ ಸದ್ದು ಇಳಿಯುತ್ತದಾ ನೋಡಿ, ಈಚಿನ ಎಷ್ಟೋ ಗಿಟಾರುಗಳಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿರುತ್ತದೆ. ತಂತಿ ಮುಟ್ಟಿದಾಗ ಕಡಿಮೆ ಆಗುವುದು ಒಳ್ಳೆಯ ಲಕ್ಷಣ, ಬ್ರಿಜ್‌ನ ಗ್ರೌಂಡ್ ವೈರ್ ಸರಿ ಇದೆ ಎಂದರ್ಥ. ಮುಟ್ಟಿದಾಗ ಜಾಸ್ತಿ ಆದರೆ ಬೆಸುಗೆ ಬಿಟ್ಟಿದೆಯಾ ನೋಡಬೇಕು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಆಂಪ್‌ನ ಪ್ಲಗ್ಗಿನ ಮೂರನೇ ಪಿನ್ ಯಾವತ್ತೂ ಮುರಿಯಬೇಡಿ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿದಾಗ ಜುಮ್ ಅಂದರೆ ಅಲ್ಲೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ತೋರಿಸಿ. ಅದು ಜೀವದ ವಿಷಯ.

ಪ್ರಶ್ನೆ: ಮೇಡಂ, ಇಲ್ಲಿ ಒಬ್ಬರು 1966ರ ಟೆಲಿಕಾಸ್ಟರ್ ಮಾರುತ್ತಿದ್ದಾರೆ. ಬೀಟೆಯ ಫ್ರೆಟ್‌ಬೋರ್ಡ್. ನಿಜವಾದದ್ದೇ ಎಂದು ಹೇಗೆ ನೋಡುವುದು? ಬಣ್ಣ ಹೋಗಿದೆ, ಮತ್ತೆ ಹಚ್ಚಿಸಲಾ? ಮುಂದೆ ಮೈಸೂರಿಗೆ ವಾಪಸ್ ಬರುವಾಗ ತರುವ ಆಸೆ.
– ಮೈಸೂರಿನವರು, ಸ್ಯಾನ್ ಹೋಸೆ

ಗಿಟಾರಿನ ಮುಂಭಾಗದಲ್ಲಿ ಗುಂಡಿಗಳಿರುವ ಕಂಟ್ರೋಲ್ ಪ್ಲೇಟಿಗೆ ಇರುವುದು ಎರಡೇ ಸ್ಕ್ರೂ. ಮಾರುವವರ ಎದುರಲ್ಲೇ ಬಿಚ್ಚಿಸಿ. ಒಳಗೆ ವಾಲ್ಯೂಮ್ ಪಾಟ್‌ನ (ಗುಂಡಿ ತಿರುಗಿಸಿದಾಗ ಸದ್ದು ಏರಿಳಿಸುವ ಭಾಗ) ಬೆನ್ನ ಮೇಲೆ ಅಂಕಿಗಳು ಒತ್ತಿರುತ್ತವೆ. 137 ಅಂದರೆ ಸಿಟಿಎಸ್ ಕಂಪನಿ, 304 ಅಂದರೆ ಸ್ಟ್ಯಾಕ್‌ಪೋಲ್. ಆಮೇಲಿನದು ವರ್ಷ, ಕೊನೆಯದು ವಾರ. 1376612 ಅಂತಿದ್ದರೆ 1966ರ ಹನ್ನೆರಡನೇ ವಾರ. ಆದರೆ ಇದು ಪಾಟ್ ಹುಟ್ಟಿದ ದಿನ, ಗಿಟಾರಿನದಲ್ಲ. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು ಮುಂದಿನ ಕೆಲವು ವರ್ಷ ಬಳಸಿತು. ಗಿಟಾರ್ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ತಿಳಿಯುತ್ತದೆ. ನೆಕ್ ಬಿಚ್ಚಿ ಬುಡದಲ್ಲಿ ಒತ್ತಿದ ತಾರೀಕು ನೋಡಿ. ಬೆಸುಗೆ ಮಬ್ಬಾಗಿ, ಯಾರೂ ಕೈ ಹಾಕದಂತೆ ಇರಬೇಕು. ಹೊಸದಾಗಿ ಹೊಳೆಯುವ ಬೆಸುಗೆ ಕಂಡರೆ ಏನು ಬದಲಾಗಿದೆ ಎಂದು ಕೇಳಿ.

ಲಿಯೋ ಫೆಂಡರ್ 1965ರಲ್ಲಿ ಕಂಪನಿಯನ್ನು ಅಮೆರಿಕದ ಸಿಬಿಎಸ್ ಕಂಪನಿಗೆ 130 ಲಕ್ಷ ಡಾಲರಿಗೆ ಮಾರಿದರು. ಅದಕ್ಕಿಂತ ಮುಂಚಿನವಕ್ಕೆ ಸಂಗ್ರಹಕಾರರು ತುಂಬಾ ಜಾಸ್ತಿ ಕೊಡುತ್ತಾರೆ. 1966ರದ್ದಕ್ಕೆ ಆ ಬೆಲೆ ಕೇಳಿದರೆ ಒಪ್ಪಬೇಡಿ.

ಬಣ್ಣ ಮುಟ್ಟಬೇಡಿ. ಮೊದಲಿನ ಬಣ್ಣ ಎಷ್ಟು ಸವೆದಿದ್ದರೂ ಅದಕ್ಕೆ ಬೆಲೆ. ಹೊಸ ಬಣ್ಣ ಬಿದ್ದ ಕೂಡಲೇ ಬೆಲೆ ಕುಸಿಯುತ್ತದೆ. ನನಗಂತೂ ಬೆಲೆಗಿಂತ, ಯಾರೋ ಒಬ್ಬರ ಮುಂಗೈ ವರ್ಷಗಟ್ಟಲೆ ಉಜ್ಜಿ ಸವೆಸಿದ ಆ ಜಾಗ ನೋಡುವುದೇ ಖುಷಿ. ಫ್ರೆಟ್ ಸವೆದಿದ್ದರೆ ಮಾತ್ರ ಬದಲಾಯಿಸಿ. ನುಡಿಸದೆ ಪೆಟ್ಟಿಗೆಯಲ್ಲಿ ಇಡಲು ಆದರೆ ಅದನ್ನು ಕೊಳ್ಳಬೇಡಿ ಅಂತಲೇ ನನ್ನ ಮಾತು.

ತರುವ ವಿಷಯದಲ್ಲಿ ಎಚ್ಚರ. ಆ ಕಾಲದ ಫ್ರೆಟ್‌ಬೋರ್ಡ್ ಬ್ರೆಜಿಲ್ ಬೀಟೆಯೂ ಆಗಿರಬಹುದು, ನಮ್ಮದೂ ಆಗಿರಬಹುದು. ಭಾರತದ ಬೀಟೆಯಿಂದ ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಿಂದ ಸೈಟಿಸ್‌ನಲ್ಲಿ, ಅಂದರೆ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ, ವಿನಾಯಿತಿ ಇದೆ. ಬ್ರೆಜಿಲ್‌ನದು 1992ರಿಂದ ಅದರ ಮೊದಲ, ಅತಿ ಬಿಗಿಯಾದ ಪಟ್ಟಿಯಲ್ಲಿದೆ, ದಾಖಲೆ ಇಲ್ಲದೆ ಗಡಿ ದಾಟಿಸುವಂತಿಲ್ಲ. ಗೊತ್ತಿರುವವರ ಹತ್ತಿರ ಮರ ಯಾವುದೆಂದು ಬರೆಸಿಕೊಳ್ಳಿ. ಬ್ರೆಜಿಲ್‌ನದೇ ಆದರೆ ಅಲ್ಲಿನ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ನಿಂದ ಪತ್ರ ಮಾಡಿಸಿಕೊಂಡೇ ವಿಮಾನ ಹತ್ತಿ.

ಪ್ರಶ್ನೆ: ತಂತಿ ಒಂದೇ ತಿಂಗಳಿಗೆ ತುಕ್ಕು ಹಿಡಿಯುತ್ತದೆ. ಏನು ಮಾಡುವುದು?
– ಓದುಗರು, ಸುರತ್ಕಲ್

ಕಡಲ ಗಾಳಿ, ಬೆವರು ಎರಡೂ ಸೇರಿದರೆ ಹಾಗೇ. ನುಡಿಸುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಆದ ಮೇಲೆ ಹಳೇ ಹತ್ತಿ ಬನಿಯನ್ ತುಂಡಿನಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಲೇಪ ಹಾಕಿದ ತಂತಿ ದುಬಾರಿ, ಆದರೆ ನಿಮ್ಮ ಊರಿನಲ್ಲಿ ಅದೇ ಲಾಭ. ಗೋಡೆಗೆ ನೇತುಹಾಕಬೇಡಿ. ಪೆಟ್ಟಿಗೆಯಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಜೂನ್ ಬಂದ ಕೂಡಲೇ ಅವನ್ನು ಬದಲಾಯಿಸಿ.