‘ಪೈಲ್ಸ್’ ಅಂತ ನೀವೇ ತೀರ್ಮಾನ ಮಾಡಬೇಡಿ

ಪ್ರಶ್ನೆ: ನನಗೆ 24 ವರ್ಷ, ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತೇನೆ. ಎರಡು ತಿಂಗಳಿಂದ ಟಾಯ್ಲೆಟ್‌ಗೆ ಹೋದಾಗ ಗಾಜಿನ ಚೂರು ಕೊಯ್ದ ಹಾಗೆ ನೋವು. ಆಮೇಲೂ ಒಂದೆರಡು ಗಂಟೆ ಉರಿ. ಸ್ವಲ್ಪ ಕೆಂಪು ರಕ್ತ ಬರುತ್ತದೆ. ಗುದದ್ವಾರದ ಬಳಿ ಸಣ್ಣ ಗಂಟು ಕೈಗೆ ಸಿಗುತ್ತದೆ. ಪೈಲ್ಸ್ ಇರಬೇಕು ಅಂತ ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚುತ್ತಿದ್ದೇನೆ. ಭಯಕ್ಕೆ ರಾತ್ರಿ ಊಟ ಬಿಟ್ಟಿದ್ದೇನೆ. ಆಪರೇಷನ್ ಬೇಕಾಗುತ್ತದಾ?

ಉತ್ತರ: ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಎಲ್ಲದರಲ್ಲೂ ಕಾಯಿಲೆಯ ಹೆಸರು ಪೈಲ್ಸ್. ಒಳಗಿನ ಪೈಲ್ಸ್‌ನಲ್ಲಿ ರಕ್ತ ಹೋಗುತ್ತದೆ, ಸಾಮಾನ್ಯವಾಗಿ ನೋವಿರುವುದಿಲ್ಲ. ಕೊಯ್ದಂಥ ನೋವು, ಆಮೇಲೆ ಗಂಟೆಗಟ್ಟಲೆ ಉರಿ ಅಂದರೆ ನಿಮ್ಮ ವಯಸ್ಸಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಫಿಶರ್, ಅಂದರೆ ಗುದದ್ವಾರದ ಸೀಳು.

ಗಟ್ಟಿ ಮಲ ಹೊರಬರುವಾಗ ಚರ್ಮ ಸೀಳುತ್ತದೆ, ಹೆಚ್ಚಾಗಿ ಬೆನ್ನಿನ ಕಡೆ, ನಟ್ಟನಡುವೆ. ಆ ನೋವಿಗೆ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ. ಅದನ್ನು ಸಡಿಲ ಬಿಡುವುದು ನಮ್ಮ ಕೈಯಲ್ಲಿಲ್ಲ. ಬಿಗಿದ ಜಾಗಕ್ಕೆ ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ. ಭಯಕ್ಕೆ ತಡೆದಿಟ್ಟರೆ ಮಲ ಇನ್ನಷ್ಟು ಗಟ್ಟಿಯಾಗಿ ಅದೇ ಗಾಯವನ್ನು ಮತ್ತೆ ಸೀಳುತ್ತದೆ. ಊಟ ಬಿಟ್ಟರೂ ಆಗುವುದು ಇದೇ. ಇವತ್ತೇ ಶುರು ಮಾಡಿ ಊಟ.

ಆ ಗಂಟು ಬಹುಶಃ ಹಳೆಯ ಸೀಳಿನ ತುದಿಯಲ್ಲಿ ಬೆಳೆದ ಚರ್ಮ. ಅದನ್ನು ತೋರಿಸಿ ಪೈಲ್ಸ್ ಅಂತ ಹೆದರಿಸಿ ದುಡ್ಡು ಕೀಳುವವರಿದ್ದಾರೆ. ಹುಷಾರಾಗಿರಿ.

ಮಲ ಮೆತ್ತಗಾಗದೆ ಯಾವ ಮುಲಾಮೂ ಕೆಲಸ ಮಾಡುವುದಿಲ್ಲ. ಮುದ್ದೆ, ಸೊಪ್ಪಿನ ಸಾರು, ಕಾಳುಪಲ್ಯ, ಸಿಪ್ಪೆ ಸಮೇತ ಹಣ್ಣು ತಿನ್ನಿ. ಪಿಜಿ ಊಟದಲ್ಲಿ ಇವೆಲ್ಲ ಸಿಗದಿದ್ದರೆ ರಾತ್ರಿ ಎರಡು ಚಮಚ ಇಸಬ್ಗೋಲ್ ತುಂಬಿದ ಲೋಟ ನೀರಿಗೆ ಹಾಕಿ ತಕ್ಷಣ ಕುಡಿಯಿರಿ. ಒಣ ಪುಡಿ ಬಾಯಿಗೆ ಹಾಕಿಕೊಂಡು ಗುಟುಕು ನೀರು ಕುಡಿಯುವುದು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ 10–15 ನಿಮಿಷ ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ ಕೂರಿ. ಬರೀ ನೀರು ಸಾಕು. ಡೆಟ್ಟಾಲ್ ಸುರಿದು ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿ ನನಗೆ ಸಾಕಾಗಿದೆ.

ಔಷಧಿ ವಿಷಯ. ಡಾಕ್ಟರು ಪರೀಕ್ಷೆ ಮಾಡಿ ಸಾಮಾನ್ಯವಾಗಿ 2% ಡಿಲ್ಟಿಯಾಜೆಮ್ ಕ್ರೀಮ್ ಬರೆಯುತ್ತಾರೆ. ಅದು ಸ್ನಾಯುವನ್ನು ಸಡಿಲಿಸುತ್ತದೆ. 6ರಿಂದ 8 ವಾರ ಹಚ್ಚಬೇಕು. ನೋವು ಕಡಿಮೆಯಾಯ್ತು ಅಂತ ಹತ್ತೇ ದಿನಕ್ಕೆ ಬಿಟ್ಟು, ಮತ್ತೆ ಅಳುತ್ತಾ ಬರುವವರೇ ಜಾಸ್ತಿ. ಅಂಗಡಿಯ ಪೈಲ್ಸ್ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅದನ್ನು ಈಗಲೇ ನಿಲ್ಲಿಸಿ.

ಆಪರೇಷನ್ ಕೊನೆಯ ದಾರಿ. ಒಳಸ್ನಾಯುವನ್ನು ಸ್ವಲ್ಪ ಕತ್ತರಿಸುತ್ತಾರೆ, ಫಲ ಚೆನ್ನಾಗಿಯೇ ಇರುತ್ತದೆ. ಆದರೆ ಕೆಲವರಿಗೆ ಆಮೇಲೆ ಗ್ಯಾಸ್ ಮೇಲೆ ಹಿಡಿತ ತಪ್ಪುತ್ತದೆ. ಹಾಗಾಗಿ ನಾನು ಅವಸರ ಮಾಡುವುದಿಲ್ಲ. ಕ್ರೀಮ್ ಪ್ರಯತ್ನಿಸದೆ ಮೊದಲ ಭೇಟಿಯಲ್ಲೇ ಆಪರೇಷನ್ ಅಂದರೆ ಇನ್ನೊಬ್ಬ ಸರ್ಜನ್ ಹತ್ತಿರ ತೋರಿಸಿ.

ಜ್ವರ, ಕೀವು, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಭೇದಿ, ಮಲದೊಳಗೆ ಬೆರೆತ ರಕ್ತ ಇದ್ದರೆ ಮನೆಮದ್ದು ಬೇಡ. ಸೀಳು ನಡುವೆ ಇಲ್ಲದೆ ಪಕ್ಕದಲ್ಲಿದ್ದರೆ ಕ್ರೋನ್ಸ್ (ಕರುಳಿನಲ್ಲಿ ದೀರ್ಘಕಾಲ ಉರಿಯೂತ ಉಂಟುಮಾಡುವ ಕಾಯಿಲೆ) ಅಥವಾ ಕ್ಷಯ ಇದೆಯೇ ಅಂತ ಪರೀಕ್ಷಿಸಬೇಕಾಗುತ್ತದೆ. ನಾಚಿಕೆ ಬಿಟ್ಟು ತೋರಿಸಿ.

ಪ್ರಶ್ನೆ: ಕೋಳಿ ತಿಂದು ಉಷ್ಣವಾಗಿ ಹೀಗಾಗುತ್ತದಾ?
ಉತ್ತರ: ಇಲ್ಲ. ಕೋಳಿಯ ಜೊತೆ ಸೊಪ್ಪು, ತರಕಾರಿ ತಿನ್ನದಿರುವುದು ತೊಂದರೆ.

ಪ್ರಶ್ನೆ: ‘ಒಂದೇ ಇಂಜೆಕ್ಷನ್, ಗ್ಯಾರಂಟಿ ಗುಣ’ ಅಂತ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡ್ ಇದೆ. ಹೋಗಬಹುದಾ?
ಉತ್ತರ: ಬೇಡ. ಏನು ಚುಚ್ಚುತ್ತಾರೆ ಅಂತ ಅವರು ನಿಮಗೆ ಹೇಳುವುದೂ ಇಲ್ಲ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಮಾತ್ರ ಟಾಯ್ಲೆಟ್‌ನಲ್ಲಿ ಒಳಗೆ ತುಂಬಾ ನೋವು. ಅಮ್ಮ ‘ಸಹಿಸಿಕೋ’ ಅನ್ನುತ್ತಾರೆ.
ಉತ್ತರ: ಸಹಿಸಿಕೊಳ್ಳಬೇಡಮ್ಮ. ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ ಇರಬಹುದು. ನೋವು ಬಂದ ತಾರೀಖುಗಳನ್ನು ಬರೆದಿಟ್ಟುಕೊಂಡು ಸ್ತ್ರೀರೋಗ ತಜ್ಞರಿಗೆ ತೋರಿಸು.